ಕಾಂಬಿ ಬಾಯ್ಲರಿನ ಡೈವರ್ಟರ್ ವಾಲ್ವ್: ದೋಷ ಪತ್ತೆ ಮತ್ತು ದುರಸ್ತಿ

ಸ್ನಾನಕ್ಕೆಂದು ಬಿಸಿನೀರಿನ ನಲ್ಲಿ ತಿರುಗಿಸಿದರೆ ನೀರು ಉಗುರುಬೆಚ್ಚಗಷ್ಟೇ ಬರುತ್ತದೆ. ಹೀಟಿಂಗ್ ಆಫ್ ಮಾಡಿದ್ದರೂ ಅದೇ ಹೊತ್ತಿಗೆ ಮಲಗುವ ಕೋಣೆಯ ರೇಡಿಯೇಟರ್ (ಕೋಣೆ ಬೆಚ್ಚಗಿಡಲು ಬಿಸಿನೀರು ಸುತ್ತುವ ಲೋಹದ ಫಲಕ) ತಾನಾಗಿಯೇ ಬಿಸಿಯೇರುತ್ತದೆ. ಬ್ರಿಟನ್ನಿನ ಮನೆಗಳಲ್ಲಿ ಕಾಂಬಿ ಬಾಯ್ಲರ್ (ರೇಡಿಯೇಟರುಗಳಿಗೂ ನಲ್ಲಿಗೂ ಬಿಸಿ ಒದಗಿಸುವ ಒಂದೇ ಸಲಕರಣೆ) ಬಳಸುವವರು ಈ ಎರಡು ಲಕ್ಷಣಗಳನ್ನು ಒಟ್ಟಿಗೆ ಕಂಡರೆ ಮೊದಲು ಸಂಶಯಪಡಬೇಕಾದದ್ದು ಡೈವರ್ಟರ್ ವಾಲ್ವಿನ ಮೇಲೆ. ರೆಡಿಂಗ್‌ನಲ್ಲಿರುವ ನಮ್ಮ ಮನೆಯಲ್ಲಿ ಒಂದು ಫೆಬ್ರವರಿಯಲ್ಲಿ ಹೀಗಾದಾಗ, ನೋಡಲು ಬಂದ ತಂತ್ರಜ್ಞರೊಬ್ಬರು ಹತ್ತು ನಿಮಿಷದಲ್ಲೇ ಇಡೀ ಬಾಯ್ಲರ್ ಬದಲಿಸಬೇಕೆಂದು ಹೇಳಿ ಹೋದರು. ಕೊನೆಗೆ ಬದಲಾದದ್ದು ಆ ವಾಲ್ವಿನೊಳಗಿನ, ಹೆಬ್ಬೆರಳಿನ ಗಾತ್ರದ ಒಂದು ಕಾರ್ಟ್ರಿಜ್ ಮಾತ್ರ. ದುರಸ್ತಿಯ ಕೆಲಸಕ್ಕಿಂತ ದೋಷ ಎಲ್ಲಿದೆಯೆಂದು ಖಚಿತಪಡಿಸಿಕೊಳ್ಳುವ ಕೆಲಸಕ್ಕೆ ಹೆಚ್ಚು ತಾಳ್ಮೆ ಬೇಕೆಂಬುದನ್ನು ನಾನು ಆಗ ಕಲಿತೆ. ಈ ಬರಹದಲ್ಲಿ ಪರೀಕ್ಷೆಗಳ ಭಾಗವೇ ದೊಡ್ಡದಾಗಿರುವುದು ಆ ಕಾರಣಕ್ಕೆ.

ಊರಿನ ಬಚ್ಚಲುಮನೆಯ ತಾಮ್ರದ ಹಂಡೆಯಾಗಲಿ, ಬೆಂಗಳೂರಿನ ಗೀಸರ್ ಆಗಲಿ, ನೀರನ್ನು ಕಾಯಿಸಿ ಕೂಡಿಡುತ್ತದೆ. ಕಾಂಬಿ ಬಾಯ್ಲರಿನಲ್ಲಿ ಹಾಗೆ ಕೂಡಿಡುವ ತೊಟ್ಟಿ ಇರುವುದಿಲ್ಲ. ಗ್ಯಾಸ್ ಉರಿಯಿಂದ ಕಾಯುವುದು ರೇಡಿಯೇಟರುಗಳಲ್ಲಿ ಸುತ್ತುವ, ಕುಡಿಯಲು ಬಾರದ ನೀರು. ಪಂಪು ಈ ನೀರನ್ನು ತಳ್ಳುತ್ತದೆ, ಡೈವರ್ಟರ್ ವಾಲ್ವ್ ಅದಕ್ಕೆ ದಾರಿ ತೋರಿಸುತ್ತದೆ. ಒಂದು ದಾರಿ ರೇಡಿಯೇಟರುಗಳಿಗೆ ಹೋಗುತ್ತದೆ. ಇನ್ನೊಂದು ದಾರಿ ಬಾಯ್ಲರಿನ ಒಳಗೇ ಇರುವ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಎಂಬ, ತೆಳುವಾದ ಲೋಹದ ತಗಡುಗಳನ್ನು ಒತ್ತಾಗಿ ಜೋಡಿಸಿದ ಪೆಟ್ಟಿಗೆಗೆ ಹೋಗುತ್ತದೆ. ಬೀದಿಯ ಕೊಳವೆಯಿಂದ ಬಂದ ತಣ್ಣೀರು ಆ ತಗಡುಗಳ ಮತ್ತೊಂದು ಮಗ್ಗುಲಲ್ಲಿ ಹರಿಯುತ್ತಾ ಬಿಸಿಯೇರಿ ನಲ್ಲಿಗೆ ಬರುತ್ತದೆ. ನಲ್ಲಿ ತೆರೆದೊಡನೆ ನೀರಿನ ಹರಿವನ್ನು ಅಳೆಯುವ ಸೆನ್ಸರ್ ಅದನ್ನು ಗುರುತಿಸುತ್ತದೆ, ನಿಯಂತ್ರಣ ಫಲಕ ವಾಲ್ವಿನ ಮೋಟಾರಿಗೆ ಆದೇಶ ಕೊಡುತ್ತದೆ, ಕೆಲವು ಕ್ಷಣಗಳಲ್ಲಿ ರೇಡಿಯೇಟರುಗಳ ದಾರಿ ಮುಚ್ಚಿ ಪ್ಲೇಟ್ ಎಕ್ಸ್‌ಚೇಂಜರಿನ ದಾರಿ ತೆರೆಯುತ್ತದೆ. ನಲ್ಲಿ ತೆರೆದಿರುವಷ್ಟು ಹೊತ್ತು ಶಾಖವೆಲ್ಲ ನಲ್ಲಿಗೇ ಮೀಸಲು.

ವಾಲ್ವಿನ ರಬ್ಬರ್ ಸೀಲ್ ಸವೆದು ರೇಡಿಯೇಟರುಗಳ ದಾರಿ ಪೂರ್ತಿ ಮುಚ್ಚದೆ ಹೋದರೆ ಏನಾಗುತ್ತದೆಂಬುದಕ್ಕೆ ಸರಳ ಲೆಕ್ಕವೊಂದಿದೆ. 24 ಕಿಲೋವ್ಯಾಟ್ ಸಾಮರ್ಥ್ಯದ ಬಾಯ್ಲರ್ ನಿಮಿಷಕ್ಕೆ ಸುಮಾರು 10 ಲೀಟರ್ ನೀರಿನ ಉಷ್ಣತೆಯನ್ನು 35 ಡಿಗ್ರಿಯಷ್ಟು ಏರಿಸಬಲ್ಲದು. ಚಳಿಗಾಲದಲ್ಲಿ 5 ಡಿಗ್ರಿಯಲ್ಲಿ ಒಳಬಂದ ನೀರು 40 ಡಿಗ್ರಿಯಲ್ಲಿ ನಲ್ಲಿಗೆ ಬರುತ್ತದೆ, ಸ್ನಾನಕ್ಕೆ ಸಾಕಾಗುತ್ತದೆ. ಆ ಶಾಖದ ಮೂರನೆಯ ಒಂದು ಭಾಗ ರೇಡಿಯೇಟರುಗಳ ಕಡೆಗೆ ಸೋರಿಹೋದರೆ ನಲ್ಲಿಗೆ ಬರುವ ನೀರು 28 ಡಿಗ್ರಿಯಲ್ಲೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಒಳಬರುವ ನೀರೇ ಅಷ್ಟು ತಣ್ಣಗಿರುವುದಿಲ್ಲವಾದ್ದರಿಂದ ಇಂಥ ಸೋರಿಕೆ ತಿಂಗಳುಗಟ್ಟಲೆ ಗಮನಕ್ಕೇ ಬರದೆ ಇರಬಹುದು.

ಕೈ ಹಾಕುವ ಮುನ್ನ

ಬ್ರಿಟನ್ನಿನಲ್ಲಿ ಗ್ಯಾಸಿಗೆ ಸಂಬಂಧಿಸಿದ ಕೆಲಸವನ್ನು 1998ರ ಗ್ಯಾಸ್ ಸುರಕ್ಷತಾ ನಿಯಮಗಳು ನಿಯಂತ್ರಿಸುತ್ತವೆ. ಅಂಥ ಕೆಲಸವನ್ನು ವೃತ್ತಿಯಾಗಿ ಮಾಡುವವರು ಗ್ಯಾಸ್ ಸೇಫ್ ನೋಂದಣಿ ಹೊಂದಿರಲೇಬೇಕು. 2009ರ ಏಪ್ರಿಲ್‌ನಲ್ಲಿ ಹಳೆಯ ಕಾರ್ಗಿ ನೋಂದಣಿಯ ಜಾಗಕ್ಕೆ ಬಂದ ವ್ಯವಸ್ಥೆ ಇದು. ಡೈವರ್ಟರ್ ವಾಲ್ವಿನೊಳಗೆ ಹರಿಯುವುದು ನೀರೇ ಹೊರತು ಗ್ಯಾಸ್ ಅಲ್ಲ. ಆದರೆ ಅದನ್ನು ತಲುಪಲು ಬಾಯ್ಲರಿನ ಹೊದಿಕೆ ತೆಗೆಯಬೇಕಾಗುತ್ತದೆ, ಎಚ್ಚರ ಬೇಕಾದದ್ದು ಅಲ್ಲಿಯೇ. ಕೆಲವು ಬಾಯ್ಲರುಗಳಲ್ಲಿ ಮುಂಭಾಗದ ತಗಡು ಬರಿಯ ಅಲಂಕಾರದ ಹೊದಿಕೆಯಾಗಿದ್ದು, ಉರಿಯುವ ಕೋಣೆಗೆ ಒಳಗೆ ಬೇರೆಯೇ ಮುಚ್ಚಳ ಇರುತ್ತದೆ. ಇನ್ನು ಕೆಲವುಗಳಲ್ಲಿ ಹೊರಗಿನ ಹೊದಿಕೆಯೇ ಉರಿಯ ಕೋಣೆಯನ್ನು ಮುಚ್ಚಿ ಹಿಡಿಯುವ ಸೀಲ್ ಆಗಿರುತ್ತದೆ. ಅದು ಸರಿಯಾಗಿ ಕೂರದಿದ್ದರೆ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ಬರಬಹುದು. ನಿಮ್ಮ ಬಾಯ್ಲರಿನ ಕೈಪಿಡಿಯನ್ನು ಓದಿ ಇದು ಯಾವ ಬಗೆಯದೆಂದು ತಿಳಿದುಕೊಳ್ಳಿ. ಎರಡನೆಯ ಬಗೆಯದಾಗಿದ್ದರೆ, ಅಥವಾ ಕೈಪಿಡಿ ಓದಿದ ಮೇಲೂ ಸಂಶಯ ಉಳಿದರೆ, ಹೊರಗಿನಿಂದ ಮಾಡಬಹುದಾದ ಪರೀಕ್ಷೆಗಳನ್ನಷ್ಟೇ ಮಾಡಿ, ಫಲಿತಾಂಶವನ್ನು ಬರೆದಿಟ್ಟುಕೊಂಡು, ನೋಂದಾಯಿತ ತಂತ್ರಜ್ಞರನ್ನು ಕರೆಸಿ. ದೋಷ ಎಲ್ಲಿದೆಯೆಂದು ನೀವೇ ವಿವರವಾಗಿ ಹೇಳಬಲ್ಲಿರಾದರೆ ಅನಗತ್ಯ ಭಾಗಗಳಿಗೆ ಹಣ ತೆರುವುದು ತಪ್ಪುತ್ತದೆ.

ಬಾಡಿಗೆ ಮನೆಯಲ್ಲಿರುವವರು ಬಾಯ್ಲರಿಗೆ ಕೈ ಹಾಕಲೇಬಾರದು. ಇಂಗ್ಲೆಂಡಿನಲ್ಲಿ 1985ರ ಬಾಡಿಗೆ ಕಾಯ್ದೆಯ 11ನೆಯ ವಿಧಿಯ ಪ್ರಕಾರ, ಮನೆ ಬಿಸಿ ಮಾಡುವ ಮತ್ತು ನೀರು ಕಾಯಿಸುವ ಸಲಕರಣೆಗಳ ದುರಸ್ತಿ ಸಾಮಾನ್ಯವಾಗಿ ಮನೆಯ ಮಾಲೀಕರ ಹೊಣೆ. ಹೊಸದಾಗಿ ಬಂದ ನಮ್ಮವರು ಮಾಲೀಕರಿಗೆ ತೊಂದರೆ ಕೊಡುವುದೇಕೆಂದು ಸಂಕೋಚಪಟ್ಟು ವಾರಗಟ್ಟಲೆ ಕೆಟಲಿನಲ್ಲಿ ನೀರು ಕಾಯಿಸಿ ಮಕ್ಕಳಿಗೆ ಸ್ನಾನ ಮಾಡಿಸುವುದನ್ನು ಕಂಡಿದ್ದೇನೆ. ಆ ಸಂಕೋಚದ ಅಗತ್ಯವಿಲ್ಲ, ಲಿಖಿತವಾಗಿ ತಿಳಿಸಿದರೆ ಸಾಕು. ಸ್ವಂತ ಮನೆಯವರು ಬಾಯ್ಲರಿನ ಖಾತರಿ ಅವಧಿ ಮುಗಿದಿದೆಯೇ ಎಂದು ನೋಡಿಕೊಳ್ಳಬೇಕು. ಯಾವ ಹಂತದಲ್ಲೇ ಆಗಲಿ ಗ್ಯಾಸಿನ ವಾಸನೆ ಬಂದರೆ ಕೆಲಸ ನಿಲ್ಲಿಸಿ, ಯಾವ ಸ್ವಿಚ್ಚನ್ನೂ ಮುಟ್ಟದೆ, ಕಿಟಕಿ ಬಾಗಿಲು ತೆರೆದು ಹೊರಬಂದು 0800 111 999ಕ್ಕೆ ಕರೆ ಮಾಡಿ.

ವಾಲ್ವೇ ಕಾರಣವೆಂದು ತಿಳಿಯುವ ಬಗೆ

ಮೊದಲು ಬಾಯ್ಲರಿನ ಒತ್ತಡದ ಮಾಪಕ ನೋಡಿ. ತಣ್ಣಗಿರುವಾಗ ಅದು 1ರಿಂದ 1.5 ಬಾರ್ ತೋರಿಸಬೇಕು. ಬಳಿಕ ಒಂದು ಲೀಟರಿನ ಜಗ್ಗನ್ನು ಬಿಸಿನೀರಿನ ನಲ್ಲಿಯ ಕೆಳಗೆ ಹಿಡಿದು ಎಷ್ಟು ಹೊತ್ತಿಗೆ ತುಂಬುತ್ತದೆಂದು ಎಣಿಸಿ. ಆರು ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 10 ಲೀಟರ್ ಹರಿಯುತ್ತಿದೆ ಎಂದರ್ಥ. ನಾಲ್ಕೇ ಸೆಕೆಂಡಿಗೆ ತುಂಬಿದರೆ, 24 ಕಿಲೋವ್ಯಾಟಿನ ಬಾಯ್ಲರ್ ಕಾಯಿಸಬಲ್ಲದಕ್ಕಿಂತ ಹೆಚ್ಚು ನೀರನ್ನು ನೀವು ಕೇಳುತ್ತಿದ್ದೀರಿ. ನಲ್ಲಿಯನ್ನು ಸ್ವಲ್ಪ ಮುಚ್ಚಿದಾಗ ನೀರು ಸರಿಯಾಗಿ ಬಿಸಿಯಾಗುವುದಾದರೆ ವಾಲ್ವಿನಲ್ಲಿ ದೋಷವೇ ಇಲ್ಲದಿರಬಹುದು.

ಮುಖ್ಯ ಪರೀಕ್ಷೆ ಮುಂದಿನದು. ಹೀಟಿಂಗ್ ಆಫ್ ಮಾಡಿ, ಬಾಯ್ಲರಿನಲ್ಲಿ ನೀರನ್ನು ಮುಂಚಿತವಾಗಿ ಬೆಚ್ಚಗಿಡುವ ಸೌಲಭ್ಯವಿದ್ದರೆ ಅದನ್ನೂ ಆಫ್ ಮಾಡಿ, ಅರ್ಧ ಗಂಟೆಗೂ ಹೆಚ್ಚು ಕಾಲ ಯಾರೂ ಬಿಸಿನೀರು ಬಳಸದಂತೆ ನೋಡಿಕೊಳ್ಳಿ. ಬಾಯ್ಲರಿನ ಕೆಳಗೆ ಸಾಮಾನ್ಯವಾಗಿ ಐದು ಮುಖ್ಯ ಕೊಳವೆಗಳಿರುತ್ತವೆ: ರೇಡಿಯೇಟರಿಗೆ ಹೋಗುವುದು, ರೇಡಿಯೇಟರಿನಿಂದ ಮರಳುವುದು, ತಣ್ಣೀರು ಒಳಬರುವುದು, ಬಿಸಿನೀರು ಹೊರಹೋಗುವುದು ಮತ್ತು ಗ್ಯಾಸಿನದು. ಅವುಗಳ ಸಾಲು ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ಕೈಪಿಡಿಯ ಚಿತ್ರದೊಂದಿಗೆ ಹೋಲಿಸಿ ಗುರುತಿಸಿಕೊಳ್ಳಬೇಕು. ರೇಡಿಯೇಟರಿಗೆ ಹೋಗುವ ಕೊಳವೆ ಪೂರ್ತಿ ತಣ್ಣಗಾದ ಮೇಲೆ, ಮನೆಯಲ್ಲಿ ಇನ್ನೊಬ್ಬರಿಗೆ ಬಿಸಿನೀರಿನ ನಲ್ಲಿ ತೆರೆಯಲು ಹೇಳಿ, ಬಾಯ್ಲರಿನಿಂದ ಒಂದು ಗೇಣು ಕೆಳಗೆ ಆ ಕೊಳವೆಯನ್ನು ಆಗಾಗ ಮುಟ್ಟಿ ನೋಡಿ. ಲೋಹದ ಮೂಲಕ ತುಸು ಬೆಚ್ಚನೆ ಇಳಿಯುವುದು ಸಹಜ. ಆದರೆ ಒಂದೆರಡು ನಿಮಿಷದೊಳಗೆ ಕೈಯಿಟ್ಟುಕೊಳ್ಳಲಾರದಷ್ಟು ಬಿಸಿಯಾದರೆ, ಆ ಬಿಸಿ ಕೊಳವೆಯುದ್ದಕ್ಕೂ ಮುಂದೆ ಸಾಗುತ್ತಿದ್ದರೆ, ವಾಲ್ವ್ ದಾರಿಯನ್ನು ಮುಚ್ಚುತ್ತಿಲ್ಲ ಎಂಬುದು ಬಹುಮಟ್ಟಿಗೆ ಖಚಿತ.

ಕೊಳವೆ ತಣ್ಣಗೇ ಉಳಿದು, ಬಾಯ್ಲರಿನ ಪರದೆಯ ಮೇಲಿನ ಉಷ್ಣತೆ ಸರಸರನೆ 80ರ ಆಸುಪಾಸಿಗೆ ಏರಿ, ಉರಿ ಆರಿ ಮತ್ತೆ ಹೊತ್ತಿಕೊಳ್ಳುತ್ತಾ, ನಲ್ಲಿಯಲ್ಲಿ ನೀರು ಒಮ್ಮೆ ಬಿಸಿ ಒಮ್ಮೆ ತಣ್ಣಗೆ ಬರುತ್ತಿದ್ದರೆ ಅಪರಾಧಿ ಬೇರೆ. ಆಗ ಪ್ಲೇಟ್ ಎಕ್ಸ್‌ಚೇಂಜರ್ ಸುಣ್ಣದಿಂದಲೋ ಕೆಸರಿನಿಂದಲೋ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ವಾಲ್ವ್ ಬದಲಿಸಿಯೂ ಗುಣ ಕಾಣದೆ ನಿರಾಶರಾಗುವವರಲ್ಲಿ ಅನೇಕರು ಈ ಎರಡು ದೋಷಗಳ ವ್ಯತ್ಯಾಸ ನೋಡದೆ ಭಾಗ ಕೊಂಡವರು.

ಇನ್ನೊಂದು ಬಗೆಯ ದೋಷದಲ್ಲಿ ಲಕ್ಷಣ ತಿರುವುಮುರುವಾಗಿರುತ್ತದೆ: ನಲ್ಲಿಯಲ್ಲಿ ಕೊತಕೊತ ಬಿಸಿನೀರು, ರೇಡಿಯೇಟರುಗಳು ಮಾತ್ರ ತಣ್ಣಗೆ. ವಾಲ್ವ್ ಬಿಸಿನೀರಿನ ಕಡೆಗೇ ಅಂಟಿಕೊಂಡಾಗ ಹೀಗಾಗುತ್ತದೆ. ಅದಕ್ಕೂ ಮೊದಲು ಕೋಣೆಯ ಥರ್ಮೋಸ್ಟಾಟಿನ ಬ್ಯಾಟರಿ, ಟೈಮರ್, ರೇಡಿಯೇಟರುಗಳ ನಲ್ಲಿಗಳು ಸರಿಯಾಗಿವೆಯೇ ಎಂದು ನೋಡಿಬಿಡಿ.

ದೋಷ ಮೋಟಾರಿನದೋ ವಾಲ್ವಿನದೋ ಎಂಬುದು ಉಳಿದ ಪ್ರಶ್ನೆ. ಈಗಿನ ಬಹುತೇಕ ಬಾಯ್ಲರುಗಳಲ್ಲಿ ಮೇಲೊಂದು ಪುಟ್ಟ ಮೋಟಾರು, ಅದರ ಕೆಳಗೆ ಸ್ಪ್ರಿಂಗ್ ಇರುವ ಕಡ್ಡಿ, ಕಡ್ಡಿಯ ತುದಿಯಲ್ಲಿ ರಬ್ಬರ್ ಸೀಲ್ ಇರುತ್ತದೆ. ಹಳೆಯ ಕೆಲವು ಬಾಯ್ಲರುಗಳಲ್ಲಿ ಮೋಟಾರಿನ ಬದಲು ನೀರಿನ ಒತ್ತಡಕ್ಕೆ ಬಾಗುವ ರಬ್ಬರ್ ಡಯಾಫ್ರಮ್ ಇದೆ. ಅದು ಹರಿದರೂ ಇವೇ ಲಕ್ಷಣಗಳು. ಮೋಟಾರಿನ ಬಗೆಯದಾದರೆ, ನಲ್ಲಿ ತೆರೆದ ಕೂಡಲೇ ಬಾಯ್ಲರಿಗೆ ಕಿವಿಗೊಡಿ: ಕೆಲವು ಸೆಕೆಂಡು ಸಣ್ಣಗೆ ಗುಂಯ್‌ಗುಡುವ ಸದ್ದು ಕೇಳಬೇಕು. ಸದ್ದೇ ಇಲ್ಲದಿದ್ದರೆ ಸಂಶಯ ಮೋಟಾರಿನ ಕಡೆಗೋ ಅದಕ್ಕೆ ವಿದ್ಯುತ್ ಕೊಡುವ ಫಲಕದ ಕಡೆಗೋ ಹೋಗುತ್ತದೆ. ವಿದ್ಯುತ್ ಹರಿಯುತ್ತಿರುವಾಗ ಬಾಯ್ಲರಿನೊಳಗೆ ಮೀಟರ್ ಹಿಡಿದು ಅಳೆಯುವ ಸಾಹಸ ಬೇಡ; ಅಲ್ಲಿ 230 ವೋಲ್ಟ್ ಇರುತ್ತದೆ.

ಕಾರ್ಟ್ರಿಜ್ ಬದಲಿಸುವ ಕ್ರಮ

ಭಾಗ ಕೊಳ್ಳುವಾಗ ಬಾಯ್ಲರಿನ ಹೆಸರಷ್ಟೇ ಹೇಳಿದರೆ ಸಾಲದು. ಮಾಹಿತಿ ಫಲಕದ ಮೇಲೆ ಬಾಯ್ಲರಿನ ಮಾದರಿಯನ್ನು ಗುರುತಿಸುವ ಜಿಸಿ ಸಂಖ್ಯೆ ಎಂದೊಂದು ಮುದ್ರಿತವಾಗಿರುತ್ತದೆ, ಅದರ ಪ್ರಕಾರವೇ ತರಿಸಬೇಕು. ಒಂದೇ ಹೆಸರಿನ, ಎರಡು ಬೇರೆ ವರ್ಷಗಳಲ್ಲಿ ತಯಾರಾದ ಬಾಯ್ಲರುಗಳಲ್ಲಿ ಬೇರೆ ಬೇರೆ ವಾಲ್ವ್ ಇರುವುದುಂಟು. ಸೀಲುಗಳ ಸೆಟ್ ಮಾತ್ರ ಸಿಗುತ್ತದೆಯಾದರೂ, ಕಡ್ಡಿಯೂ ಸ್ಪ್ರಿಂಗೂ ಅಷ್ಟೇ ವರ್ಷ ದುಡಿದಿರುತ್ತವೆಯಾದ್ದರಿಂದ ಪೂರ್ತಿ ಕಾರ್ಟ್ರಿಜ್ ಬದಲಿಸುವುದೇ ಲೇಸೆಂದು ನನ್ನ ಅಭಿಪ್ರಾಯ. ಅದರ ಜೊತೆಗೆ ಸಿಲಿಕೋನ್ ಗ್ರೀಸ್, ಒಂದು ತುಂಡು ರಬ್ಬರ್ ಪೈಪ್, ಬೋಗುಣಿ, ಹಳೆಯ ಟವೆಲ್‌ಗಳು, ಇಕ್ಕಳ, ಟಾರ್ಚ್ ಸಿದ್ಧವಿರಲಿ.

ಬಾಯ್ಲರಿನ ಪಕ್ಕದಲ್ಲಿರುವ ಸ್ವಿಚ್ಚನ್ನು ಆರಿಸಿ, ಅದರಲ್ಲಿರುವ 3 ಆಂಪಿಯರಿನ ಫ್ಯೂಸನ್ನು ಹೊರತೆಗೆದು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಮನೆಯವರು ತಿಳಿಯದೆ ಸ್ವಿಚ್ ಹಾಕುವ ಭಯ ಆಗ ಇರುವುದಿಲ್ಲ. ಬಾಯ್ಲರ್ ತಣಿಯಲು ಒಂದು ಗಂಟೆಯಾದರೂ ಬಿಡಿ. ಆಮೇಲೆ ರೇಡಿಯೇಟರಿನ ಎರಡು ಕೊಳವೆಗಳ ಮತ್ತು ತಣ್ಣೀರಿನ ಕೊಳವೆಯ ವಾಲ್ವುಗಳನ್ನು ಕಾಲು ಸುತ್ತು ತಿರುಗಿಸಿ ಮುಚ್ಚಿ. ತಿರುಪಿನ ಗೀರು ಕೊಳವೆಗೆ ಅಡ್ಡಲಾಗಿ ನಿಂತರೆ ಮುಚ್ಚಿದೆ ಎಂದರ್ಥ. ಗ್ಯಾಸಿನ ಕೊಳವೆಯ ಯಾವ ಜೋಡಣೆಗೂ ಸ್ಪ್ಯಾನರ್ ತಾಗಿಸಬಾರದು. ವರ್ಷಗಟ್ಟಲೆ ಮುಟ್ಟದ ವಾಲ್ವ್ ಜಗ್ಗದಿದ್ದರೆ ಬಲಪ್ರಯೋಗ ಬೇಡ, ಇಡೀ ವ್ಯವಸ್ಥೆಯ ನೀರನ್ನು ಕೆಳಮಹಡಿಯ ಡ್ರೈನ್ ನಲ್ಲಿಯಿಂದ ಇಳಿಸುವುದು ತಡವಾದರೂ ಕ್ಷೇಮ.

ಬಿಸಿನೀರಿನ ನಲ್ಲಿಯೊಂದನ್ನು ತೆರೆದಿಟ್ಟು ಆ ಕಡೆಯ ಒತ್ತಡ ಕಳೆಯಿರಿ. ಬಾಯ್ಲರಿನ ಡ್ರೈನ್ ತಿರುಪಿಗೆ ರಬ್ಬರ್ ಪೈಪ್ ಸಿಕ್ಕಿಸಿ, ಮಾಪಕ ಸೊನ್ನೆಗೆ ಇಳಿಯುವವರೆಗೆ ನೀರನ್ನು ಬೋಗುಣಿಗೆ ಬಿಡಿ. 3 ಬಾರ್‌ನ ಸುರಕ್ಷತಾ ವಾಲ್ವನ್ನು ತಿರುಗಿಸಿ ನೀರು ಇಳಿಸುವ ಸುಲಭೋಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಅದನ್ನು ದಯವಿಟ್ಟು ಅನುಸರಿಸಬೇಡಿ. ಒಮ್ಮೆ ಆ ವಾಲ್ವಿನ ಬಾಯಲ್ಲಿ ತುಕ್ಕಿನ ಕಣ ಸಿಕ್ಕಿಕೊಂಡರೆ ಅದು ಮತ್ತೆ ಸರಿಯಾಗಿ ಮುಚ್ಚದೆ, ಹೊರಗಿನ ಗೋಡೆಯ ಮೇಲೆ ಹನಿಹನಿಯಾಗಿ ಸೋರುತ್ತಲೇ ಇರುತ್ತದೆ.

ಹೊದಿಕೆ ತೆಗೆದ ಮೇಲೆ ಮೊದಲು ಮೂರ್ನಾಲ್ಕು ಕೋನಗಳಿಂದ ಫೋಟೋ ತೆಗೆದುಕೊಳ್ಳಿ. ನಿಯಂತ್ರಣ ಫಲಕದ ಪೆಟ್ಟಿಗೆ ಅನೇಕ ಬಾಯ್ಲರುಗಳಲ್ಲಿ ಮುಂದಕ್ಕೆ ಬಾಗಿ ವಾಲ್ವಿನ ಕೆಳಗೇ ಬಂದು ನಿಲ್ಲುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೆ ಟವೆಲ್ ಹಾಸದೆ ಮುಂದಿನ ಹೆಜ್ಜೆ ಇಡಬೇಡಿ. ಮೋಟಾರಿನ ತಂತಿಯ ಪ್ಲಗ್ ತೆಗೆದು, ಅದನ್ನು ಹಿಡಿದಿರುವ ತಂತಿಯ ಕ್ಲಿಪ್ಪನ್ನು ಎಳೆದರೆ ಮೋಟಾರು ಕೈಗೆ ಬರುತ್ತದೆ. ಕ್ಲಿಪ್ ಪುಟಿದು ಬಾಯ್ಲರಿನ ಹಿಂದೆ ಬಿದ್ದರೆ ಹುಡುಕುವುದು ಕಷ್ಟ, ಇನ್ನೊಂದು ಕೈಯನ್ನು ಅಡ್ಡ ಹಿಡಿದೇ ಎಳೆಯಬೇಕು.

ಈಗ ವಾಲ್ವಿನ ಕಡ್ಡಿ ಕಾಣುತ್ತದೆ. ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಸ್ಪ್ರಿಂಗಿನ ಬಲಕ್ಕೆ ಎದುರಾಗಿ ಒಂದೇ ಸಮನೆ ಒಳಹೋಗಿ, ಬಿಟ್ಟೊಡನೆ ಪೂರ್ತಿ ಹೊರಬಂದರೆ ಕಡ್ಡಿ ಸರಿಯಾಗಿದೆ. ದೋಷ ಸೀಲಿನಲ್ಲೋ ಮೋಟಾರಿನಲ್ಲೋ ಇದೆ. ನಮ್ಮ ಮನೆಯ ಬಾಯ್ಲರಿನಲ್ಲಿ ಕಡ್ಡಿ ಅರ್ಧ ದಾರಿಯಲ್ಲಿ ಮರಳು ಸಿಕ್ಕಿದಂತೆ ಕರಕರನೆ ತಡೆದು, ಬಿಟ್ಟ ಮೇಲೆ ನಿಧಾನವಾಗಿ, ಪೂರ್ತಿ ಬಾರದೆ ನಿಂತಿತು. ಬೆರಳ ತುದಿಗೆ ಸಿಕ್ಕ ಆ ತಡೆಯೊಂದೇ ಎರಡು ತಿಂಗಳ ತಣ್ಣನೆಯ ಸ್ನಾನಕ್ಕೆ ಉತ್ತರ ಹೇಳಿತು. ಕಡ್ಡಿಯ ಬುಡದಲ್ಲಿ ಹಸಿರು ಕಿಲುಬು ಅಥವಾ ತೇವ ಕಂಡರೆ ಅಲ್ಲಿಂದ ನೀರು ಮೋಟಾರಿಗೆ ಏರುತ್ತಿದೆ ಎಂದರ್ಥ. ಹಾಗಿದ್ದರೆ ಮೋಟಾರು ಸದ್ಯ ತಿರುಗುತ್ತಿದ್ದರೂ ಎರಡನ್ನೂ ಬದಲಿಸಬೇಕು.

ಕಾರ್ಟ್ರಿಜ್ಜನ್ನು ಹಿಡಿದಿರುವ ಇನ್ನೊಂದು ಕ್ಲಿಪ್ಪನ್ನೋ ತಿರುಪುಗಳನ್ನೋ ತೆಗೆದು, ಕಾರ್ಟ್ರಿಜ್ಜನ್ನು ಎಡಬಲಕ್ಕೆ ತುಸುವೇ ಅಲ್ಲಾಡಿಸುತ್ತಾ ನೇರವಾಗಿ ಎಳೆಯಿರಿ. ಉಳಿದ ನೀರು ಒಮ್ಮೆಗೇ ಇಳಿಯುವುದರಿಂದ ಬೋಗುಣಿ ಕೆಳಗಿರಲಿ. ನಮ್ಮದನ್ನು ಎಳೆದಾಗ ಬಂದ ನೀರು ಕಾಡಿಗೆಯಷ್ಟು ಕಪ್ಪಾಗಿತ್ತು. ಬೋಗುಣಿಯ ಹೊರಗಿನಿಂದ ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತವೊಂದನ್ನು ಹಿಡಿದರೆ ತಳದ ಕೆಸರು ಅದರ ಕಡೆಗೆ ಸರಿದು ಬಂದು ಗುಪ್ಪೆಯಾಯಿತು. ಅದು ಮ್ಯಾಗ್ನೆಟೈಟ್, ಉಕ್ಕಿನ ರೇಡಿಯೇಟರುಗಳು ಒಳಗಿನಿಂದ ತುಕ್ಕು ಹಿಡಿದು ಉದುರಿಸುವ ಪುಡಿ. ಸೀಲನ್ನು ಉಪ್ಪುಕಾಗದದಂತೆ ತೇಯುವುದು ಇದೇ.

ಹಳೆಯ ಕಾರ್ಟ್ರಿಜ್ಜಿನ ಸೀಲುಗಳನ್ನು ಹೊಸದರೊಂದಿಗೆ ಒಂದೊಂದಾಗಿ ಹೋಲಿಸಿ ಎಣಿಸಿ. ಒಂದು ಕಡಿಮೆಯಿದ್ದರೆ ಅದು ಒಳಗೇ ಉಳಿದಿದೆ. ಟಾರ್ಚ್ ಬಿಟ್ಟು ನೋಡಿ ತೆಗೆಯದೆ ಹೊಸದನ್ನು ಕೂರಿಸಿದರೆ ಮತ್ತೆ ಸೋರುತ್ತದೆ. ವಾಲ್ವಿನ ಗೂಡನ್ನು ಮೆತ್ತನೆಯ ಬಟ್ಟೆಯಿಂದ, ಬೇಕಾದರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒರೆಸಿ. ಅನೇಕ ಬಾಯ್ಲರುಗಳಲ್ಲಿ ಈ ಗೂಡು ಪ್ಲಾಸ್ಟಿಕ್ಕಿನದು, ಉಪ್ಪುಕಾಗದವಾಗಲಿ ಚಾಕುವಿನ ತುದಿಯಾಗಲಿ ಒಂದು ಗೀರು ಎಳೆದರೂ ಆ ಗೀರಿನಲ್ಲೇ ನೀರು ನುಸುಳುತ್ತದೆ. ಹೊಸ ಸೀಲುಗಳಿಗೆ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ. ವ್ಯಾಸಲೀನ್ ಆಗಲಿ, ಅಡುಗೆಯ ಎಣ್ಣೆಯಾಗಲಿ ಬೇಡ. ಇಂಥ ಸೀಲುಗಳಲ್ಲಿ ಹೆಚ್ಚಾಗಿ ಬಳಸುವ ಇಪಿಡಿಎಂ ರಬ್ಬರ್ ಪೆಟ್ರೋಲಿಯಂ ಜಿಡ್ಡಿಗೆ ಉಬ್ಬಿ ಮೆತ್ತಗಾಗುತ್ತದೆ. ಕಾರ್ಟ್ರಿಜ್ಜನ್ನು ಫೋಟೋದಲ್ಲಿರುವ ದಿಕ್ಕಿನಲ್ಲೇ ಹಿಡಿದು ಕೈಬಲದಿಂದಲೇ ಒತ್ತಿ ಕೂರಿಸಿ, ಕ್ಲಿಪ್ ಎರಡೂ ಕಡೆ ತನ್ನ ತೋಡಿನಲ್ಲಿ ಕೂತಿದೆಯೇ ಎಂದು ಕಣ್ಣಾರೆ ನೋಡಿ. ಮೋಟಾರಿನ ತುದಿ ಹೊರಚಾಚಿದ ಸ್ಥಿತಿಯಲ್ಲಿದ್ದರೆ ಅದು ಸುಲಭವಾಗಿ ಕೂರುವುದಿಲ್ಲ. ಆಗ ಅದುಮಬೇಡಿ, ತುದಿಯನ್ನು ಒಳಸರಿಸುವ ವಿಧಾನ ಕೈಪಿಡಿಯಲ್ಲಿರುತ್ತದೆ.

ನೀರು ತುಂಬಿ ಪರೀಕ್ಷಿಸುವುದು

ಡ್ರೈನ್ ತಿರುಪನ್ನು ಮುಚ್ಚಿ, ಕೊಳವೆಗಳ ವಾಲ್ವುಗಳನ್ನು ನಿಧಾನವಾಗಿ ತೆರೆದು, ತೆರೆದಿಟ್ಟಿದ್ದ ನಲ್ಲಿಯಲ್ಲಿ ಗಾಳಿಯಿಲ್ಲದೆ ನೀರು ಬರತೊಡಗಿದ ಮೇಲೆ ಅದನ್ನು ಮುಚ್ಚಿ. ಬೀದಿಯ ನೀರನ್ನು ರೇಡಿಯೇಟರುಗಳ ಸುತ್ತಿಗೆ ತುಂಬಿಸುವ ಫಿಲ್ಲಿಂಗ್ ಲೂಪ್ ಎಂಬ ಕೊಂಡಿಯ ಮೂಲಕ 1ರಿಂದ 1.5 ಬಾರ್‌ವರೆಗೆ ನೀರು ತುಂಬಿ ಅದರ ನಲ್ಲಿಗಳನ್ನು ಮುಚ್ಚಿ. ಲೂಪ್ ಹೊರಗಿನ ಬಳುಕುವ ಪೈಪಾಗಿದ್ದರೆ ಕೆಲಸವಾದ ಮೇಲೆ ಕಳಚಿಡಬೇಕು. ರೇಡಿಯೇಟರಿನ ಕೊಳಕು ನೀರು ಕುಡಿಯುವ ನೀರಿಗೆ ಸೇರಬಾರದೆಂಬುದು ಅದರ ಉದ್ದೇಶ. ವಾಲ್ವಿನ ಸುತ್ತ ಒಣ ಟಿಶ್ಯೂ ಕಾಗದವನ್ನು ಒತ್ತಿ ಹದಿನೈದು ನಿಮಿಷ ಕಾಯಿರಿ. ಕಣ್ಣಿಗೆ ಕಾಣದ ತೇವ ಕಾಗದದ ಮೇಲೆ ಕಾಣುತ್ತದೆ. ಕಾಗದ ಒಣಗಿಯೇ ಇದ್ದರೆ ಹೊದಿಕೆಯನ್ನು ಮೊದಲಿನಂತೆ ಸರಿಯಾಗಿ ಕೂರಿಸಿ, ಆನಂತರವೇ ಫ್ಯೂಸ್ ಹಾಕಿ ಬಾಯ್ಲರ್ ಹಚ್ಚಿ, ಮೊದಲು ಮಾಡಿದ ಕೊಳವೆಯ ಪರೀಕ್ಷೆಯನ್ನೇ ಅದೇ ಕ್ರಮದಲ್ಲಿ ಮತ್ತೆ ಮಾಡಿ. ಬಳಿಕ ಹೀಟಿಂಗ್ ಹಚ್ಚಿ ರೇಡಿಯೇಟರುಗಳು ಬಿಸಿಯಾಗುತ್ತವೆಯೇ ಎಂದು ನೋಡಿ, ಅದನ್ನು ಆಫ್ ಮಾಡಿ ತಣಿದ ಮೇಲೆ ಅವುಗಳ ಗಾಳಿ ತೆಗೆಯಿರಿ.

ಬೋಗುಣಿಯ ನೀರು ಕಪ್ಪಾಗಿದ್ದರೆ ದುರಸ್ತಿ ಇಲ್ಲಿಗೆ ಮುಗಿಯುವುದಿಲ್ಲ. ಆ ಕೆಸರಿನ ನಡುವೆ ಹೊಸ ಸೀಲ್ ಕೂಡ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ. ಶುಚಿಕಾರಕ ಹಾಕಿ ವ್ಯವಸ್ಥೆಯನ್ನು ತೊಳೆಸಿ, ತುಕ್ಕು ತಡೆಯುವ ಇನ್ಹಿಬಿಟರ್ ದ್ರವವನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ತುಂಬಿಸಿ, ಬಾಯ್ಲರಿಗೆ ಮರಳುವ ಕೊಳವೆಯಲ್ಲಿ ಅಯಸ್ಕಾಂತದ ಫಿಲ್ಟರ್ ಹಾಕಿಸಿ. ಬ್ರಿಟನ್ನಿನ ಬಿಎಸ್ 7593 ಮಾನದಂಡದ 2019ರ ಆವೃತ್ತಿಯೂ ಇಂಥ ಫಿಲ್ಟರನ್ನು ಶಿಫಾರಸು ಮಾಡುತ್ತದೆ. ನೀರು ಇಳಿಸಿದಾಗಲೆಲ್ಲ ಇನ್ಹಿಬಿಟರ್ ಕೂಡ ಇಳಿದುಹೋಗುತ್ತದೆ ಎಂಬುದನ್ನು ಮರೆಯಬಾರದು.

ಲಂಡನ್ನಿನಲ್ಲೂ ಇಂಗ್ಲೆಂಡಿನ ಆಗ್ನೇಯ ಭಾಗದಲ್ಲೂ ನೆಲದಡಿ ಸೀಮೆಸುಣ್ಣದ ಬಂಡೆಯಿರುವುದರಿಂದ ನಲ್ಲಿ ನೀರು ಗಡಸು. ಬೆಂಗಳೂರಿನಲ್ಲಿ ಬೋರ್‌ವೆಲ್ ನೀರಿಗೆ ಗೀಸರಿನ ಕಾಯಿಲ್ ಬಿಳಿಯ ಹೊಪ್ಪಳೆ ಕಟ್ಟುವುದನ್ನು ಕಂಡವರಿಗೆ ಇದು ಹೊಸದಲ್ಲ. ನೀರು ಬಿಸಿಯಾದಷ್ಟೂ ಸುಣ್ಣ ಬೇಗ ಕಟ್ಟುತ್ತದೆ, ಹಾಗಾಗಿ ಬಿಸಿನೀರಿನ ಗುರುತನ್ನು 60ರ ಮೇಲೆ ಇಟ್ಟು ನಲ್ಲಿಯಲ್ಲಿ ತಣ್ಣೀರು ಬೆರೆಸುವುದಕ್ಕಿಂತ 50ರ ಆಸುಪಾಸಿನಲ್ಲಿ ಇಡುವುದು ಪ್ಲೇಟ್ ಎಕ್ಸ್‌ಚೇಂಜರಿಗೆ ಹಿತ. ಸ್ಕಾಟ್ಲೆಂಡ್, ವೇಲ್ಸ್‌ಗಳ ಬಹುಭಾಗದಲ್ಲಿ ನೀರು ಮೆದುವಾದ್ದರಿಂದ ಅಲ್ಲಿನವರಿಗೆ ಈ ಚಿಂತೆ ಕಡಿಮೆ.

ಮುಂದಿನ ಒಂದು ವಾರ, ಬೆಳಿಗ್ಗೆ ಬಾಯ್ಲರ್ ತಣ್ಣಗಿರುವಾಗ ಒತ್ತಡ ಎಷ್ಟಿದೆಯೆಂದು ಬರೆದಿಡಿ. ಮೊದಲ ಎರಡು ದಿನ ಗಾಳಿ ಹೊರಹೋದಂತೆ ಅದು ಸ್ವಲ್ಪ ಇಳಿಯಬಹುದು, ಒಮ್ಮೆ ತುಂಬಿದರೆ ಸಾಕು. ಮೂರನೆಯ ದಿನದ ನಂತರವೂ ಇಳಿಯುತ್ತಲೇ ಇದ್ದರೆ ಸ್ವಿಚ್ ಆರಿಸಿ, ಫ್ಯೂಸ್ ತೆಗೆದು, ಹೊಸ ಸೀಲಿನ ಸುತ್ತ ಮತ್ತೊಮ್ಮೆ ಒಣ ಕಾಗದ ಹಿಡಿದು ನೋಡಿ.